ಮಳೆಗಾಲಕ್ಕೆ ಮುನ್ನ ಜೇನುಪೆಟ್ಟಿಗೆಯ ತಯಾರಿ: ಹೊಸಬರಿಗೆ ಕೆಲವು ಸಲಹೆಗಳು



ವಾಮದಪದವು, ಸಿದ್ದಕಟ್ಟೆ, ಪುಂಜಾಲಕಟ್ಟೆ ಸುತ್ತಮುತ್ತ ಹಟ್ಟಿಯ ಜೊತೆಗೆ ತೋಟದಲ್ಲಿ ಒಂದೆರಡು ಜೇನುಪೆಟ್ಟಿಗೆ ಇಟ್ಟುಕೊಂಡವರು ಹಲವರಿದ್ದಾರೆ. ದನ ನೋಡಲು ಹೋದಾಗ ಅವರಲ್ಲಿ ಹೊಸಬರು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಬೇಸಿಗೆಯಲ್ಲಿ ತುಂಬಿ ತುಳುಕುತ್ತಿದ್ದ ಪೆಟ್ಟಿಗೆ ಆಟಿ ತಿಂಗಳಲ್ಲಿ ಖಾಲಿಯಾಗುವುದು ಯಾಕೆ?"

ಬಹಳಷ್ಟು ಸಲ ಕಾರಣ ಹಸಿವು. ಹಿಮ ಬೀಳುವ ದೇಶಗಳ ಜೇನಿಗೆ ಚಳಿಗಾಲ ಕಷ್ಟದ ಕಾಲ. ನಮ್ಮ ತುಡುವೆ ಜೇನಿಗೆ ಆ ಕಷ್ಟ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಜಡಿಮಳೆಗೆ ನೊಣ ಹೊರಗೆ ಹೋಗಲಾರದು. ತೆಂಗು ವರ್ಷವಿಡೀ ಹೂ ಬಿಟ್ಟರೂ ಮಕರಂದ, ಪರಾಗ ಮಳೆಗೆ ತೊಳೆದುಹೋಗುತ್ತವೆ. ಆಹಾರ ಮುಗಿದರೆ ರಾಣಿ ಮೊಟ್ಟೆ ಇಡುವುದು ನಿಲ್ಲುತ್ತದೆ, ಕುಟುಂಬ ಸೊರಗುತ್ತದೆ, ಕೊನೆಗೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ.

ನಿಮಗೆ ಇದು ಹೊಸ ವಿಷಯವಲ್ಲ. ಗಬ್ಬದ ದನವನ್ನು ಕರು ಹಾಕುವ ದಿನದವರೆಗೂ ನೀವು ಕರೆಯುವುದಿಲ್ಲ; ಕೊನೆಯ 60 ದಿನ ಹಾಲು ಬತ್ತಿಸಿ, ಚೆನ್ನಾಗಿ ಮೇವು ಹಾಕುತ್ತೀರಿ. ಜೇನಿಗೆ ಮಳೆಗಾಲವೇ ಆ ಬತ್ತಿಸುವ ಕಾಲ. ಆಗ ಮಾಡಿದ ಆರೈಕೆಯೇ ಮುಂದಿನ ಇಳುವರಿ. ಆದ್ದರಿಂದ ಈ ಕೆಲಸಗಳನ್ನು ಪತ್ತನಾಜೆಯ ಹೊತ್ತಿಗೆ ಮುಗಿಸಿಕೊಳ್ಳಿ.

ಜೇನು ಉಳಿಸಿ

ನಮ್ಮಲ್ಲಿ ರಬ್ಬರಿನ ಹೊಸ ಚಿಗುರಿನ ಮಕರಂದ ಸಿಗುವ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಜೇನಿನ ಸುಗ್ಗಿ. ಕೊನೆಯ ಸಲ ಜೇನು ತೆಗೆಯುವಾಗ ಸಂಸಾರ ಕೋಣೆಯ ಎರಿಗಳನ್ನು ಮುಟ್ಟಬೇಡಿ. ಅಲ್ಲಿರುವ ಜೇನು ಕುಟುಂಬದ ಪಾಲು. ಮೇ ತಿಂಗಳಲ್ಲಿ ಪೆಟ್ಟಿಗೆಯ ಹಿಂಬದಿಯನ್ನು ಒಂದು ಕೈಯಲ್ಲಿ ತುಸು ಎತ್ತಿ ನೋಡಿ. ಹಗುರವಾಗಿದ್ದರೆ ಆಹಾರ ಕಡಿಮೆ ಇದೆ ಎಂದೇ ಅರ್ಥ.

ಪೆಟ್ಟಿಗೆ ಕಿರಿದು ಮಾಡಿ

ಮೇಲಿನ ಜೇನು ಕೋಣೆ ಖಾಲಿಯಿದ್ದರೆ ತೆಗೆದಿಡಿ. ಸಂಸಾರ ಕೋಣೆಯಲ್ಲಿಯೂ ನೊಣಗಳು ಮುಚ್ಚಿಕೊಂಡಿರುವ ಎರಿಗಳನ್ನು ಮಾತ್ರ ಬಿಡಿ. ನೊಣವಿಲ್ಲದ ಎರಿ ಮೇಣದ ಪತಂಗಕ್ಕೆ ಮನೆ. ಅದರ ಹುಳು ಎರಿಯೊಳಗೆ ಸುರಂಗ ಕೊರೆದು ಬಲೆ ಕಟ್ಟುತ್ತದೆ. ಕಪ್ಪಾದ ಹಳೆಯ ಎರಿಗಳನ್ನು ಕರಗಿಸಿ ಮೇಣ ಮಾಡಿಕೊಳ್ಳಿ. ಅಡಿಮಣೆಯಲ್ಲಿ ಬಿದ್ದ ಕಸದಲ್ಲೂ ಈ ಹುಳು ಬೆಳೆಯುವುದರಿಂದ ಮಳೆ ಬಿಟ್ಟ ದಿನ ನೋಡಿ ವಾರಕ್ಕೊಮ್ಮೆ ಅದನ್ನು ಗುಡಿಸಿ.

ನೀರು ಒಳಹೋಗದಿರಲಿ, ಗಾಳಿ ನಿಲ್ಲದಿರಲಿ

ಪೆಟ್ಟಿಗೆಯ ಬಾಗಿಲು ಮಳೆ ಹೊಡೆಯುವ ದಿಕ್ಕಿಗೆ ಇರಬಾರದು. ಮುಂಬದಿ ಸ್ವಲ್ಪ ತಗ್ಗಾಗಿದ್ದರೆ ಒಳಹೋದ ನೀರು ಹೊರಗೆ ಹರಿಯುತ್ತದೆ. ಮುಚ್ಚಳದ ಮೇಲೆ ಅಡಿಕೆ ಹಾಳೆ ಅಥವಾ ಶೀಟು ಇಟ್ಟು ಕಲ್ಲು ಹೇರಿ. ಇಡೀ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಬೇಡಿ. ಒಳಗೆ ತೇವ ಕಟ್ಟಿ ಬೂಷ್ಟು ಬರುತ್ತದೆ. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡಿ, ಸುತ್ತಲಿನ ಹುಲ್ಲು ಸವರಿ. ಜಾಗ ಬದಲಿಸಬೇಕೆಂದರೆ ದಿನಕ್ಕೆ ಒಂದೆರಡು ಅಡಿ ಮಾತ್ರ ಸರಿಸಿ. ಒಮ್ಮೆಲೇ ಅಂಗಳದ ಆಚೆ ಬದಿಗೆ ಒಯ್ದರೆ ಹೊರಹೋದ ನೊಣಗಳು ಹಳೆಯ ಜಾಗಕ್ಕೇ ಮರಳುತ್ತವೆ.

ಸಕ್ಕರೆ ಪಾಕ

ಆಹಾರ ಕಡಿಮೆಯಿದ್ದರೆ ವಾರಕ್ಕೊಮ್ಮೆ 200 ಮಿ.ಲೀ. ಕುದಿಸಿದ ನೀರಿಗೆ 200 ಗ್ರಾಂ ಬಿಳಿ ಸಕ್ಕರೆ ಕರಗಿಸಿ, ಪೂರ್ತಿ ತಣಿದ ಮೇಲೆ ಕೊಡಿ. ಬೆಲ್ಲ ಬೇಡ, ನೊಣಗಳಿಗೆ ಭೇದಿಯಾಗುತ್ತದೆ. ಗೆರಟೆಯಲ್ಲಿ ಪಾಕ ಹೊಯ್ದು, ನೊಣ ಮುಳುಗದಂತೆ ನಾಲ್ಕು ಕಡ್ಡಿ ಹಾಕಿ ಪೆಟ್ಟಿಗೆಯ ಒಳಗೇ ಇಡಿ. ಕೊಡುವುದು ಸಂಜೆ ಕತ್ತಲಾಗುವ ಹೊತ್ತಿಗೆ. ಹಗಲು ಕೊಟ್ಟರೆ, ಹೊರಗೆ ಚೆಲ್ಲಿದರೆ, ಬೇರೆ ಕುಟುಂಬದ ನೊಣಗಳು ದರೋಡೆಗೆ ಬರುತ್ತವೆ. ಜೇನು ತೆಗೆಯುವ ಕಾಲದಲ್ಲಿ ಪಾಕ ಕೊಡಲೇಬಾರದು. ಅದು ಜೇನಿಗೆ ಬೆರೆತರೆ ಕಲಬೆರಕೆಯೇ ಸರಿ.

ಹಟ್ಟಿಯವರು ಗಮನಿಸಬೇಕಾದ್ದು

ಉಣುಗು, ನೊಣಕ್ಕೆಂದು ದನದ ಮೈಗೆ, ಹಟ್ಟಿಗೆ ಹೊಡೆಯುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧಗಳು ಜೇನುನೊಣಕ್ಕೆ ಕಡು ವಿಷ. ಬೇಸಿಗೆಯಲ್ಲಿ ನೊಣಗಳು ನೀರಿಗೆ, ಉಪ್ಪಿನಂಶಕ್ಕೆ ಹಟ್ಟಿಯ ಚರಂಡಿಗೇ ಬರುತ್ತವೆ. ಹಾಗಾಗಿ ಔಷಧವನ್ನು ನೊಣಗಳು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ. ಪಂಪು ತೊಳೆದ ನೀರು ನಿಂತಲ್ಲಿ ನಿಲ್ಲದಂತೆ ಮಣ್ಣು ಮುಚ್ಚಿ. ಜೇನಿಗೆ ಶುದ್ಧ ನೀರನ್ನು ಬೇರೆ ಕಡೆ ಇಡಿ. ಮಳೆಗಾಲದಲ್ಲಿ ಸೊಳ್ಳೆಗೆ ಹಾಕುವ ಹೊಗೆ ಪೆಟ್ಟಿಗೆಯತ್ತ ಹೋಗದಿರಲಿ.

ಪೆಟ್ಟಿಗೆ ಹಟ್ಟಿಗೆ ಅಂಟಿಕೊಂಡಿರುವುದೂ ಬೇಡ. ಜೇನು ಎದ್ದರೆ ನಾವು ಓಡಬಹುದು, ಕಟ್ಟಿದ ದನ ಓಡಲಾರದು. ಹಾಗಾದಾಗ ಮೊದಲು ಮೈ ಮುಚ್ಚಿಕೊಂಡು ಹಗ್ಗ ಬಿಚ್ಚಿ. ಹಲವು ಕಡೆ ಕಚ್ಚಿ ಮುಖ ಊದಿದರೆ, ಉಸಿರು ಕಷ್ಟವಾದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ರೋಗದ ಗುರುತು

1991-92ರ ಸುಮಾರಿಗೆ ಬಂದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶ ಮಾಡಿತ್ತು. ಈಗಲೂ ಅಲ್ಲಲ್ಲಿ ಕಾಣುತ್ತದೆ. ಮರಿಹುಳುಗಳು ಕೋಶದಲ್ಲಿ ತಲೆ ಮೇಲಾಗಿ ಸತ್ತು, ಎತ್ತಿದರೆ ನೀರು ತುಂಬಿದ ಚೀಲದಂತೆ ಬಂದರೆ ಅನುಮಾನಿಸಿ. ಇದಕ್ಕೆ ಔಷಧವಿಲ್ಲ. ಆ ಪೆಟ್ಟಿಗೆಯ ಎರಿ, ನೊಣಗಳನ್ನು ಬೇರೆ ಪೆಟ್ಟಿಗೆಗೆ ಸೇರಿಸಬೇಡಿ, ಅದನ್ನು ಮುಟ್ಟಿದ ಕೈ, ಉಪಕರಣ ತೊಳೆಯದೆ ಇನ್ನೊಂದನ್ನು ತೆರೆಯಬೇಡಿ. ತಾಲೂಕಿನ ತೋಟಗಾರಿಕೆ ಇಲಾಖೆ ಅಥವಾ ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘದಲ್ಲಿ ಸಲಹೆ ಕೇಳಿ.

ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಪದೇ ಪದೇ ತೆರೆಯುವುದೂ ಒಳ್ಳೆಯದಲ್ಲ. ಬಿಸಿಲು ಬಂದ ಹೊತ್ತಿನಲ್ಲಿ ಬೇಗ ನೋಡಿ ಮುಚ್ಚಿ. ಕೋಶಗಳಲ್ಲಿ ಮೊಟ್ಟೆ ಕಂಡರೆ ರಾಣಿ ಇದೆ ಎಂದರ್ಥ, ಅಷ್ಟು ಸಾಕು.

ಮೊಟ್ಟೆಯೊಂದು ನೊಣವಾಗಿ ಹೂವಿಗೆ ಹಾರಲು ಹೆಚ್ಚುಕಡಿಮೆ ಆರು ವಾರ ಬೇಕು. ಆಟಿಯಲ್ಲಿ ಸೊರಗಿದ ಕುಟುಂಬ ರಬ್ಬರ್ ಚಿಗುರುವ ಹೊತ್ತಿಗೆ ಬಲಗೊಳ್ಳುವುದು ಕಷ್ಟ. ಮಳೆಗಾಲದಲ್ಲಿ ಕೊಡುವ ಎರಡು ಮೂರು ಕಿಲೋ ಸಕ್ಕರೆಯನ್ನು ಖರ್ಚು ಎಂದುಕೊಳ್ಳಬೇಡಿ. ಬತ್ತಿದ ದನಕ್ಕೆ ಹಾಕಿದ ಹಿಂಡಿಯ ಹಾಗೆ ಅದು ಮುಂದಿನ ಸುಗ್ಗಿಯಲ್ಲಿ ಮರಳಿ ಬರುತ್ತದೆ.