ಒಂಬತ್ತು ಒತ್ತಿ ಅಂದ್ರು, ಮಾವ ಒತ್ತಿದ್ರು

ಮೊಳಕಾಲ್ಮೂರಿನ ನಮ್ಮ ಸೋದರಮಾವನಿಗೆ ಮೊಬೈಲೇ ಅಂಗಡಿ. ಮನೇಲಿ ಎರಡು ಮಗ್ಗ. ಸೀರೆ ಮಗ್ಗದಿಂದ ಇಳಿದ ತಕ್ಷಣ ಸೆರಗು, ಅಂಚು, ಒಡಲು ಮೂರೂ ಕಾಣೋ ಹಾಗೆ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕ್ತಾರೆ. ಬೆಂಗಳೂರು, ದಾವಣಗೆರೆ, ಬಳ್ಳಾರಿಯಿಂದ ಆರ್ಡರ್ ಬರೋದೆಲ್ಲ ಆ ಒಂದೇ ನಂಬರ್‌ಗೆ. ಹತ್ತು ವರ್ಷದಿಂದ ಬಿಲ್ ಬುಕ್ಕಿನ ಮೇಲೂ ಅದೇ ನಂಬರ್.

ಹಾಗಾಗಿ ಒಂದು ಮಧ್ಯಾಹ್ನ ಫೋನ್ ಎತ್ತಿದಾಗ, ‘ಇದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಟ್ರಾಯ್. ಇನ್ನು ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗಲಿದೆ, ವಿವರಕ್ಕೆ ಒಂಬತ್ತು ಒತ್ತಿ’ ಅಂತ ರೆಕಾರ್ಡ್ ಮಾಡಿದ ದನಿ ಕೇಳಿದರೆ ಅವರಿಗೆ ಏನನ್ನಿಸಿರಬೇಕು? ಒತ್ತಿದರು. ಆಮೇಲೆ ಒಬ್ಬ ‘ಅಧಿಕಾರಿ’ ಬಂದ. ನಿಮ್ಮ ಆಧಾರ್ ಮೇಲೆ ಬೇರೆ ಊರಲ್ಲಿ ಸಿಮ್ ತಗೊಂಡು ಯಾರಿಗೋ ಕೆಟ್ಟ ಮೆಸೇಜ್ ಕಳಿಸಿದ್ದಾರೆ, ಕೇಸ್ ಆಗಿದೆ ಅಂದ. ಅಲ್ಲಿಂದ ವಾಟ್ಸಾಪ್ ವಿಡಿಯೋ ಕಾಲ್, ಅದರಲ್ಲಿ ಯೂನಿಫಾರ್ಮ್ ಹಾಕಿದವನು. ‘ಪರಿಶೀಲನೆಗೆ’ ಅಂತ ಎರಡು ಸಲಕ್ಕೆ 38,000 ರೂಪಾಯಿ ಹೋಯ್ತು. ರೇಷ್ಮೆ ನೂಲು, ಜರಿ ತರೋಕೆ ಇಟ್ಟಿದ್ದ ದುಡ್ಡು.

ಚಳ್ಳಕೆರೆಯಿಂದ ಅಮ್ಮ ನನಗೆ ಫೋನ್ ಮಾಡಿದಾಗ ನಾನು ಆಫೀಸಿನ ಮೀಟಿಂಗಲ್ಲಿದ್ದೆ. ಕಾನ್ಫರೆನ್ಸ್ ಕಾಲ್‌ಗೆ ಮಾವನನ್ನೂ ಸೇರಿಸಿದೆ. ‘ಮಾವ, ಮೊದ್ಲು 1930ಗೆ ಫೋನ್ ಮಾಡಿ, ಉಳಿದದ್ದು ಆಮೇಲೆ’ ಅಂದೆ. ‘ಗೌರ್ಮೆಂಟೋರೇ ಫೋನ್ ಮಾಡ್ಯಾರೆ ಕಣಪ್ಪಾ, ತಿರುಗಿ ಗೌರ್ಮೆಂಟಿಗೆ ದೂರು ಕೊಡ್ಲಾ?’ ಅಂದರು ಮಾವ. ಆ ಮಾತು ನನ್ನ ತಲೇಲಿ ಇನ್ನೂ ಕೂತಿದೆ.

ಟ್ರಾಯ್ ಏನು ಮಾಡುತ್ತೆ ಅಂತ ಗೊತ್ತಿದ್ದರೆ ಆ ಕರೆ ಹತ್ತೇ ಸೆಕೆಂಡಿಗೆ ಬಿದ್ದುಹೋಗ್ತಿತ್ತು. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಇಂಜಿನಿಯರಿಂಗ್ ಓದಿದ ನನಗೂ ಕೆಲಸಕ್ಕೆ ಸೇರೋವರೆಗೆ ಗೊತ್ತಿರಲಿಲ್ಲ ಬಿಡಿ.

ಟ್ರಾಯ್ ಹುಟ್ಟಿದ್ದು 1997ರ ಕಾಯ್ದೆಯಿಂದ. ದರದ ಚೌಕಟ್ಟು, ಸೇವೆಯ ಗುಣಮಟ್ಟ, ಕಂಪನಿ ಕಂಪನಿಗಳ ನಡುವಿನ ಸಂಪರ್ಕದ ನಿಯಮ, ಬೇಡದ ಜಾಹೀರಾತು ಕರೆಗಳ ಕಡಿವಾಣ ಅದರ ಕೆಲಸ. ಕಂಪನಿಗಳ ನಡುವಿನ ವ್ಯಾಜ್ಯ ತೀರ್ಮಾನಕ್ಕೆ 2000ದಿಂದ ಬೇರೆ ನ್ಯಾಯಮಂಡಳಿಯೇ ಇದೆ. ಟ್ರಾಯ್ ಯಾರಿಗೂ ಸಿಮ್ ಕೊಡಲ್ಲ, ಯಾರ ಸಿಮ್ಮನ್ನೂ ಕಟ್ ಮಾಡಲ್ಲ. ಬಿಲ್ ಬಾಕಿಗೋ ದಾಖಲೆ ಸರಿ ಇಲ್ಲದ್ದಕ್ಕೋ ನಂಬರ್ ನಿಲ್ಲಿಸಬೇಕಾದರೆ ಅದನ್ನ ಮಾಡೋದು ನಿಮ್ಮ ಸಿಮ್ ಕಂಪನಿ. ನಂಬರ್ ಕಟ್ ಮಾಡ್ತೀವಿ ಅಂತ ನಾವು ಯಾರಿಗೂ ಕರೆ ಮಾಡಲ್ಲ, ಹಾಗೆ ಮಾಡೋಕೆ ಬೇರೆ ಯಾರಿಗೂ ಹೇಳಿಲ್ಲ ಅಂತ ಟ್ರಾಯ್ ತಾನೇ ಮತ್ತೆ ಮತ್ತೆ ಪ್ರಕಟಣೆ ಕೊಟ್ಟಿದೆ. ಕಳ್ಳರಿಗೆ ಬೇಕಾಗಿದ್ದು ಕಾವಲುಗಾರನ ಹೆಸರು ಮಾತ್ರ.

ನನ್ನ ಕೆಲಸದಲ್ಲಿ ಟ್ರಾಯ್ ಪರಿಚಯವಾಗಿದ್ದು ಒಂದು ಓಟಿಪಿ ಮೆಸೇಜ್ ಮೂಲಕ. ಆ್ಯಪ್‌ನಿಂದ ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸಬೇಕಿತ್ತು. ಅರ್ಧ ದಿನದ ಕೆಲಸ ಅಂದ್ಕೊಂಡಿದ್ದೆ, ಎರಡು ವಾರ ಹಿಡೀತು. 2018ರ ನಿಯಮದ ಪ್ರಕಾರ ಕಂಪನಿ ಮೊದಲು ತನ್ನ ಹೆಸರು ನೋಂದಾಯಿಸಬೇಕು. ಆಮೇಲೆ ಮೆಸೇಜ್ ಮೇಲೆ ಕಾಣೋ ಹೆಡರ್, ಆಮೇಲೆ ಮೆಸೇಜಿನ ಒಕ್ಕಣೆ. ಬದಲಾಗೋ ಜಾಗ ಯಾವುದು ಅಂತ ಗುರುತು ಹಾಕಿ ಒಪ್ಪಿಗೆ ಪಡೀಬೇಕು. ಒಂದು ಪೂರ್ಣವಿರಾಮ ಹೆಚ್ಚಾದರೂ ಮೆಸೇಜ್ ಹೋಗಲ್ಲ. 2024ರ ಅಕ್ಟೋಬರ್‌ನಿಂದ ಮೆಸೇಜ್ ಒಳಗಿನ ಲಿಂಕ್ ಕೂಡ ಮೊದಲೇ ಪಟ್ಟಿಯಲ್ಲಿರಬೇಕು. ಇಷ್ಟೆಲ್ಲ ದಾಖಲೆ ಕೂರೋದು ಟೆಲಿಕಾಂ ಕಂಪನಿಗಳು ಹಂಚಿಕೊಂಡಿರೋ ಬ್ಲಾಕ್‌ಚೈನ್ ಲೆಡ್ಜರ್‌ನಲ್ಲಿ. ಅವತ್ತು ಬೈಕೊಂಡೆ. ಮಾವನ ಪ್ರಕರಣ ಆದ ಮೇಲೆ ಬೈಯೋದು ಬಿಟ್ಟೆ.

ನಿಮ್ಮ ಇನ್‌ಬಾಕ್ಸ್ ಒಮ್ಮೆ ನೋಡಿ. ಹೆಡರ್‌ನ ಮೊದಲ ಅಕ್ಷರ ಮೆಸೇಜ್ ಹೊರಟ ಟೆಲಿಕಾಂ ಕಂಪನಿಯದು, ಎರಡನೇದು ವಲಯದ್ದು. ಕರ್ನಾಟಕಕ್ಕೆ ಎಕ್ಸ್, ಆಂಧ್ರಕ್ಕೆ ಎ, ದೆಹಲಿಗೆ ಡಿ. ಕೊನೆಗೆ ಒಂದು ಗೆರೆ, ಅದಾದ ಮೇಲೆ ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ವಹಿವಾಟು, ಜಿ ಇದ್ದರೆ ಸರ್ಕಾರಿ. ಈ ಬಾಲದಕ್ಷರ ಕಡ್ಡಾಯವಾಗಿದ್ದು 2025ರ ಫೆಬ್ರವರಿಯ ತಿದ್ದುಪಡಿಯಿಂದ. ನಿಮ್ಮ ‘ಬ್ಯಾಂಕ್’ ಹತ್ತಂಕಿಯ ಸಾಮಾನ್ಯ ನಂಬರ್‌ನಿಂದ ಕೆವೈಸಿ ಮೆಸೇಜ್ ಕಳಿಸಿದ್ದರೆ ಅದು ಬ್ಯಾಂಕ್ ಅಲ್ಲ, ಅಷ್ಟೇ.

ಅಂದಹಾಗೆ, ಕಳಿಸಿದವರು ಯಾರು ಅಂತ ತಲೆಬರಹದಲ್ಲೇ ಹೇಳೋ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಅದು ಶುರುವಾಗೋದೇ ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು ಅನ್ನೋ ಒಕ್ಕಣೆಯಿಂದ. ಕೊನೆಯಲ್ಲಿ ಬರೆದವನು ಚಪಡ ಅಂತ ಹೆಸರೂ ಇದೆ. ‘ಬರೆದವ’ ಅನ್ನೋ ಪದವನ್ನ ಅವನು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಇಲ್ಲಿ ಯಾರೂ ಓದದ ಲಿಪಿ ಅದು, ಒಂಥರಾ ಡಿಜಿಟಲ್ ಸಹಿ!

ಸರಿ, ಇಷ್ಟು ಬಿಗಿ ಇದ್ದರೂ ಮಾವ ಹೇಗೆ ಸಿಕ್ಕಿಬಿದ್ದರು? ಬಿಗಿ ಇರೋದು ಎಸ್ಸೆಮ್ಮೆಸ್‌ಗೆ. ಕರೆ ಅಷ್ಟು ಸುಲಭಕ್ಕೆ ಕೈಗೆ ಸಿಗಲ್ಲ. ವಿದೇಶದಿಂದ ಇಂಟರ್ನೆಟ್ ಮೂಲಕ ಬರೋ ಕರೆಗೆ ಭಾರತದ ನಂಬರ್ ಮುಖವಾಡ ಹಾಕಬಹುದು. ಅದನ್ನ ತಡೆಯೋಕೆ ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಒಂದು ವ್ಯವಸ್ಥೆ ಶುರು ಮಾಡಿತು. ಮೊದಲ 24 ಗಂಟೆಯಲ್ಲೇ 1.35 ಕೋಟಿ ನಕಲಿ ಕರೆ ತಡೆದೆವು ಅಂತ ಇಲಾಖೆ ಹೇಳಿತು. ಆ ಸಂಖ್ಯೆ ಕೇಳಿ ಖುಷಿಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಆಮೇಲೆ ವಾಟ್ಸಾಪ್. ಟ್ರಾಯ್‌ನ 2018ರ ನಿಯಮ ಅಲ್ಲಿಗೆ ಮುಟ್ಟಲ್ಲ. ಇಂಥ ಆ್ಯಪ್‌ಗಳನ್ನ ಟೆಲಿಕಾಂ ನಿಯಮದೊಳಗೆ ತರಬೇಕಾ ಅನ್ನೋ ಪ್ರಶ್ನೆಗೆ 2020ರಲ್ಲಿ ಟ್ರಾಯ್ ಕೊಟ್ಟ ಉತ್ತರ, ಈಗ ಸಮಯ ಬಂದಿಲ್ಲ ಅನ್ನೋದು. ವಾಟ್ಸಾಪ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಬರೋದು ಐಟಿ ಕಾಯ್ದೆ ಕೆಳಗೆ, ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ವ್ಯಾಪ್ತಿಗೆ. ಸಿಮ್ ನೋಡಿಕೊಳ್ಳೋದು ದೂರಸಂಪರ್ಕ ಇಲಾಖೆ. ಸೈಬರ್ ಅಪರಾಧ ಗೃಹ ಸಚಿವಾಲಯಕ್ಕೆ, ಬ್ಯಾಂಕ್ ರಿಸರ್ವ್ ಬ್ಯಾಂಕಿಗೆ. ಮಾವನ ಒಂದೇ ಮಧ್ಯಾಹ್ನದ ಕಥೆ ಇಷ್ಟೂ ಮನೆಗಳ ಜಗಲಿ ಹತ್ತಿ ಇಳೀತು.

ಬ್ರಿಟನ್‌ನಲ್ಲಿ ಹೀಗಿಲ್ಲ. ಅಲ್ಲಿ ಆಫ್‌ಕಾಂ ಅನ್ನೋ ಒಂದೇ ಸಂಸ್ಥೆ ಫೋನು, ಟಿವಿ ಎರಡನ್ನೂ ನೋಡುತ್ತೆ. 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆ ಬಂದ ಮೇಲೆ ಜಾಲತಾಣಗಳನ್ನೂ ನೋಡುತ್ತೆ. ತಪ್ಪಿದ ಕಂಪನಿಗೆ ಜಾಗತಿಕ ಆದಾಯದ ಶೇ 10ರವರೆಗೆ ದಂಡ ಹಾಕಬಹುದು. ಆಸ್ಟ್ರೇಲಿಯಾದಲ್ಲಿ 2015ರಿಂದ ಆನ್‌ಲೈನ್ ಸುರಕ್ಷತೆಗೇ ಒಬ್ಬ ಆಯುಕ್ತರಿದ್ದಾರೆ. ನಮಗೂ ಅಂಥದ್ದು ಬೇಕಾ? ದೂರು ಕೊಡೋಕೆ ಒಂದೇ ಬಾಗಿಲಿರಲಿ ಅನ್ನೋದು ನನಗೆ ಒಪ್ಪಿಗೆ. ಅಧಿಕಾರವೂ ಒಂದೇ ಕೈಯಲ್ಲಿರಲಿ ಅನ್ನೋದು ಅಷ್ಟು ಸಲೀಸಲ್ಲ. ಪೋಸ್ಟ್ ತೆಗೆಯಿರಿ ಅಂತ ಅಧಿಕಾರಿಗಳು ‘ಸಹಯೋಗ’ ಪೋರ್ಟಲ್ ಮೂಲಕ ಹೇಳೋದನ್ನ ಪ್ರಶ್ನಿಸಿ ಎಕ್ಸ್ ಕಂಪನಿ ಬೆಂಗಳೂರಲ್ಲೇ ಹೈಕೋರ್ಟ್‌ಗೆ ಹೋಗಿತ್ತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಆ ಅರ್ಜಿ ವಜಾ ಮಾಡಿತು. ಮೋಸದ ಪೋಸ್ಟ್ ತೆಗೆಸೋ ಬಟನ್ನೂ ಸರ್ಕಾರಕ್ಕೆ ಇಷ್ಟವಾಗದ ಪೋಸ್ಟ್ ತೆಗೆಸೋ ಬಟನ್ನೂ ಒಂದೇ ಆಗಿಬಿಡಬಹುದು ಅನ್ನೋ ಅಳುಕು ತೀರ್ಪಿನಿಂದ ಹೋಗಿಲ್ಲ, ನನಗಂತೂ.

ಸಂಚಾರ್ ಸಾಥಿ ವಿಷಯದಲ್ಲೂ ಹೀಗೇ ಆಯ್ತು. 2023ರ ಮೇನಲ್ಲಿ ಶುರುವಾದ ಈ ಪೋರ್ಟಲ್ ನಿಜಕ್ಕೂ ಉಪಯೋಗದ್ದು. ಕಳೆದ ಫೋನ್ ಬ್ಲಾಕ್ ಮಾಡಬಹುದು, ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ನೋಡಬಹುದು. ಒಬ್ಬರ ಹೆಸರಲ್ಲಿ ಒಂಬತ್ತರ ಮಿತಿ ಇದೆ. ದುಡ್ಡು ಹೋಗೋ ಮೊದಲೇ ಅನುಮಾನದ ಕರೆ ವರದಿ ಮಾಡೋಕೆ ‘ಚಕ್ಷು’ ಇದೆ. ಆದರೆ 2025ರ ನವೆಂಬರ್ ಕೊನೆಗೆ, ಇನ್ನು ಮುಂದೆ ಪ್ರತಿ ಹೊಸ ಫೋನಲ್ಲೂ ಈ ಆ್ಯಪ್ ಹಾಕಿಯೇ ಕೊಡಬೇಕು ಅಂತ ಇಲಾಖೆ ಕಂಪನಿಗಳಿಗೆ ಹೇಳಿತು. ಖಾಸಗಿತನದ ಪ್ರಶ್ನೆ ಎದ್ದು ದೊಡ್ಡ ಗಲಾಟೆಯಾಗಿ ಡಿಸೆಂಬರ್ 3ಕ್ಕೆ ಆದೇಶ ವಾಪಸ್. ಒಳ್ಳೆ ಆ್ಯಪ್ಪನ್ನ ಜನ ತಾವಾಗೇ ಹಾಕ್ಕೊಳ್ಳೋ ಹಾಗೆ ಹೇಳಿಕೊಟ್ಟಿದ್ದರೆ ಸಾಕಿತ್ತು.

ಮುಂದಿನ ಭಾನುವಾರ ಊರಿಗೆ ಹೋದಾಗ ಮಾವನ ಮಗ್ಗದ ಪಕ್ಕ ಕೂತು ಅವರ ನಂಬರ್ ಹಾಕಿ ನೋಡಿದೆವು. ನಾಲ್ಕು ಸಿಮ್ ತೋರಿಸ್ತು. ಒಂದು ಅವರದ್ದು, ಒಂದು ಅತ್ತೆಯದ್ದು, ಒಂದು ಚಳ್ಳಕೆರೆಯಲ್ಲಿ ಓದೋ ಮಗನದ್ದು. ನಾಲ್ಕನೇದು ಯಾರದ್ದೋ. ‘ನಂದಲ್ಲ’ ಅಂತ ವರದಿ ಮಾಡಿದೆವು. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಹಂಗಾದ್ರೆ ಅವ್ನು ಹೇಳಿದ್ರಾಗೆ ಅರ್ಧ ನಿಜ ಐತಲ್ಲೋ’ ಅಂದರು. ಹೌದು, ಬೇರೆಯವರು ನಮ್ಮ ಹೆಸರಲ್ಲಿ ಸಿಮ್ ತಗೊಂಡಿರೋದು ಸಾಧ್ಯ. ಅದಕ್ಕೆ ಪರಿಹಾರ ನಾವೇ ಹೋಗಿ ನೋಡೋದು, ಫೋನ್ ಮಾಡಿದವನಿಗೆ ದುಡ್ಡು ಕೊಡೋದಲ್ಲ.

ದುಡ್ಡಿನ ವಿಷಯ ಹೇಳಬೇಕಲ್ಲ. 1930ಗೆ ಫೋನ್ ಮಾಡಿದಾಗ ದುಡ್ಡು ಹೋಗಿ ಹೆಚ್ಚುಕಡಿಮೆ ನಲವತ್ತು ನಿಮಿಷ ಆಗಿತ್ತು. ದೂರು ದಾಖಲಾದ ಕೂಡಲೇ ಮಾಹಿತಿ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತೆ, ದುಡ್ಡು ಸದ್ಯ ಯಾವ ಖಾತೆಯಲ್ಲಿದೆಯೋ ಅಲ್ಲೇ ತಡೆಹಿಡೀತಾರೆ. ವಂಚಕರು ಅದನ್ನ ನಿಮಿಷ ನಿಮಿಷಕ್ಕೆ ಖಾತೆಯಿಂದ ಖಾತೆಗೆ ದಾಟಿಸ್ತಾ ಇರ್ತಾರೆ, ಓಟ ಅದರ ಜೊತೆ. ಎರಡನೇ ಸಲ ಕಳಿಸಿದ 21,500 ರೂಪಾಯಿ ಸಿಕ್ಕಿಬಿತ್ತು, ಮೊದಲ ಕಂತು ಆಗಲೇ ಎಟಿಎಂನಿಂದ ಹೊರಗೆ ಹೋಗಿತ್ತು. ತಡೆಹಿಡಿದದ್ದು ಕೈಗೆ ಬರೋಕೆ ದೂರಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ನ್ಯಾಯಾಲಯದ ಆದೇಶ ಅಂತ ತಿಂಗಳುಗಟ್ಟಲೆ ಓಡಾಟ. ಒಂದು ದಿನ ಓಡಾಡಿದರೆ ಆ ದಿನದ ಮಗ್ಗದ ಕೂಲಿ ಇಲ್ಲ.

ಈಗ ಮಗ್ಗದ ಕಂಬಕ್ಕೆ ರಟ್ಟಿನ ತುಂಡೊಂದನ್ನ ಅಂಟಿಸಿದ್ದಾರೆ. ದುಡ್ಡು ಹೋದ್ರೆ 1930, ಕಿರಿಕಿರಿ ಕರೆಗೆ 1909, ಜಾಹೀರಾತು 140, ಬ್ಯಾಂಕು 1600 ಅಂತ ಅತ್ತೆಯ ಅಕ್ಷರದಲ್ಲಿದೆ. 1909ಕ್ಕೆ ದೂರು ಕೊಡೋಕೆ ಮೊದಲು ಮೂರು ದಿನದ ಗಡುವಿತ್ತು, 2025ರ ತಿದ್ದುಪಡಿ ಅದನ್ನ ಏಳು ದಿನ ಮಾಡಿದೆ.

ಹೋದ ವಾರ ಮಾವ ಫೋನ್ ಮಾಡಿದ್ದರು. 1600ರಿಂದ ಶುರುವಾಗೋ ನಂಬರಿಂದ ಬ್ಯಾಂಕಿನೋರು ಕರೆ ಮಾಡಿದ್ದರಂತೆ, ನಿಜವಾದ ಬ್ಯಾಂಕಿನೋರೇ, ಸಾಲದ ಕಂತಿನ ವಿಷಯಕ್ಕೆ. ಮಾವ ರಟ್ಟು ನೋಡಿದ್ದಾರೆ, ನಂಬರ್ ಸರಿ ಇದೆ. ಆದರೂ ‘ಬ್ರಾಂಚಿಗೇ ಬರ್ತೀನಿ ಬಿಡಮ್ಮ’ ಅಂತ ಕಟ್ ಮಾಡಿದರಂತೆ. ‘ಸರಿ ಮಾಡಿದ್ನೇನೋ?’ ಅಂತ ಕೇಳಿದರು. ಸರಿ ಮಾಡಿದ್ರಿ ಮಾವ, ಅಂದೆ.