ತೀರ್ಪಿನ ಆಚೆ ಹುಟ್ಟುವ ಪಾತ್ರಗಳು

ಕಥೆ ಬರೆಯುವವರಿಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: 'ಆ ಪಾತ್ರ ನಿಜವಾಗಿ ಯಾರು?' ಈ ಕುತೂಹಲ ಸಹಜವಾದುದು, ಗೌರವಕ್ಕೆ ಅರ್ಹವಾದುದು ಕೂಡ. ಪಾತ್ರವನ್ನು ನಂಬಿದವರು ಮಾತ್ರ ಅದರ ವಿಳಾಸ ಕೇಳುತ್ತಾರೆ. ಆದರೆ ಈಚಿನ ದಿನಗಳಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: 'ಆತ ಯಾರ ಪೈಕಿ?' ಪಾತ್ರದ ಜಾತಿ, ಮತ, ಪಂಥಗಳನ್ನು ಗುರುತಿಸಿದೊಡನೆ ಕಥೆಯ ಬಗೆಗಿನ ತೀರ್ಮಾನವೂ ಮುಗಿದುಹೋಗುತ್ತದೆ. ಬರೆಯುವವರೂ ಈ ಅವಸರಕ್ಕೆ ಹೊರತಾಗಿಲ್ಲವೆಂಬುದೇ ನನ್ನ ಆತಂಕ. ತೀರ್ಪನ್ನು ಮೊದಲೇ ಸಿದ್ಧಪಡಿಸಿಕೊಂಡು ಹೊರಟ ಲೇಖಕನಿಗೆ ಸಾಕ್ಷಿಗಳು ಸಿಕ್ಕಾರೇ ಹೊರತು ಮನುಷ್ಯರು ಸಿಗಲಾರರು.

ಕನ್ನಡದ ದೊಡ್ಡ ಪಾತ್ರಗಳು ನಡೆದುಬಂದ ದಾರಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಪ್ರಕಟವಾದದ್ದು 1970ರಲ್ಲಿ. ಅವರ ಆತ್ಮಕಥೆ 'ಭಿತ್ತಿ' ಬಂದದ್ದು 1996ರಲ್ಲಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿದವರಿಗೆ ಕಾದಂಬರಿಯ ನಂಜಮ್ಮನ ಹಿಂದೆ ಲೇಖಕರ ತಾಯಿಯ ನೆನಪು ಇರುವುದು ಕಾಣದಿರದು. ಶ್ಯಾನುಭೋಗನಾಗಿಯೂ ಲೆಕ್ಕ ಬರೆಯಲು ಬಾರದ ಗಂಡನ ಬದಲಿಗೆ ನಂಜಮ್ಮ ತಾನೇ ಲೆಕ್ಕ ಬರೆದು ಸಂಸಾರ ತೂಗಿಸುತ್ತಾಳೆ. ಅಷ್ಟೇ ಆಗಿದ್ದರೆ ಅದು ಮಗನೊಬ್ಬ ತಾಯಿಗೆ ಸಲ್ಲಿಸಿದ ಕಣ್ಣೀರಿನ ಕಾಣಿಕೆಯಾಗಿ ಉಳಿಯುತ್ತಿತ್ತು. ಅದನ್ನು ಕಾದಂಬರಿಯಾಗಿಸಿದವರು ಹೊಟ್ಟೆಬಾಕ ಚೆನ್ನಿಗರಾಯ ಮತ್ತು ಬೈಗುಳವನ್ನೇ ಭಾಷೆಯಾಗಿಸಿಕೊಂಡ ಅತ್ತೆ ಗಂಗಮ್ಮ. ಅವರು ಮಾಡುವುದೆಲ್ಲ ಅವರ ದೃಷ್ಟಿಯಲ್ಲಿ ಸರಿಯಾದದ್ದೇ. ಲೇಖಕರು ಅವರನ್ನು ಕಟಕಟೆಯಲ್ಲಿ ನಿಲ್ಲಿಸಿ ಪಶ್ಚಾತ್ತಾಪ ಪಡಿಸಲು ಹೋಗುವುದಿಲ್ಲ. ನಿಜವಾದ ವ್ಯಕ್ತಿಯಿಂದ ಪಾತ್ರದ ಬೀಜ ದೊರೆಯಬಹುದು; ಅದು ಬೆಳೆಯಲು ಅದರ ಸುತ್ತಲಿನವರಿಗೂ ಅಷ್ಟೇ ನೆಲ, ಅಷ್ಟೇ ನೀರು ಸಿಗಬೇಕಾಗುತ್ತದೆ.

1933ರಲ್ಲಿ ಬಂದ 'ಚೋಮನ ದುಡಿ' ಇನ್ನೊಂದು ಬಗೆಯದು. ಎತ್ತುಗಳನ್ನು ಸಾಕಿಕೊಂಡಿರುವ ಚೋಮನಿಗೆ ತನ್ನದೇ ಬೇಸಾಯ ಮಾಡಬೇಕೆಂಬ ಒಂದೇ ಆಸೆ. ಅಸ್ಪೃಶ್ಯನೆಂಬ ಕಾರಣಕ್ಕೆ ಸಮಾಜ ಅದನ್ನು ನಿರಾಕರಿಸುತ್ತದೆ. ಆಸೆ ಮತ್ತು ಅಡ್ಡಗೋಡೆ ಸಂಧಿಸಿದ ಆ ಬಿಂದುವಿನಲ್ಲಿ ಚೋಮ ಹುಟ್ಟಿದ್ದಾನೆ. ಅವನನ್ನು ಕೇವಲ ಶೋಷಣೆಯ ನಿದರ್ಶನವಾಗಿಸುವುದು ಶಿವರಾಮ ಕಾರಂತರಿಗೆ ಸುಲಭವಿತ್ತು. ಬದಲಿಗೆ ಅವರು ಅವನಿಗೆ ಹೆಂಡದ ಚಟವನ್ನೂ ಹಠವನ್ನೂ ದುಡಿಯ ಲಯವನ್ನೂ ಕೊಟ್ಟರು. ಮತಾಂತರವಾದರೆ ಭೂಮಿ ಸಿಕ್ಕೀತೆಂದು ಹೊರಟವನು ದೈವದ ಮೇಲಿನ ನಂಬಿಕೆ ಬಿಡಲಾರದೆ ಹಿಂದಿರುಗುತ್ತಾನೆ. ಕಾರಂತರ ವೈಚಾರಿಕ ನಿಲುವು ಎಲ್ಲರಿಗೂ ತಿಳಿದದ್ದೇ. ಆದರೂ ಆ ಗಳಿಗೆಯಲ್ಲಿ ಅವರು ಚೋಮನ ಬಾಯಲ್ಲಿ ತಮ್ಮ ವಿಚಾರವನ್ನು ತುರುಕಲಿಲ್ಲ. ಪಾತ್ರವು ಲೇಖಕನ ಅಭಿಪ್ರಾಯವನ್ನು ಮೀರಿ ನಡೆಯತೊಡಗಿದಾಗಲೇ ಅದಕ್ಕೆ ಜೀವ ಬಂದಿತೆಂದು ನಾನು ತಿಳಿಯುತ್ತೇನೆ.

ಕೆಲವೊಮ್ಮೆ ಪಾತ್ರವು ದೂರದಿಂದಲೂ ಹೊಳೆಯುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದ ಅನಂತಮೂರ್ತಿಯವರಿಗೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಚಿತ್ರ 'ಸಂಸ್ಕಾರ'ಕ್ಕೆ ಪ್ರೇರಣೆಯಾದುದನ್ನು ಅವರೇ ಹೇಳಿಕೊಂಡಿದ್ದಾರೆ. 1965ರ ಆ ಕಾದಂಬರಿಯಲ್ಲಿ ನಾರಣಪ್ಪ ಆರಂಭದಲ್ಲಿಯೇ ಹೆಣವಾಗಿದ್ದಾನೆ. ಆದರೆ ಅಗ್ರಹಾರದ ಒಬ್ಬೊಬ್ಬರ ಭಯ, ಅಸೂಯೆ, ಆಸೆಗಳ ಮೂಲಕ ಅವನು ಬದುಕಿರುವವರಿಗಿಂತ ಹೆಚ್ಚು ಜೀವಂತನಾಗುತ್ತಾನೆ. ಅವನ ಶವಸಂಸ್ಕಾರದ ಪ್ರಶ್ನೆಯೇ ಪ್ರಾಣೇಶಾಚಾರ್ಯರನ್ನು ಅವರಿಗೇ ಅಪರಿಚಿತರಾಗಿಸುತ್ತದೆ.

ಕಥೆಗೆ ಕೂತಾಗ ನಾನು ಪಾತ್ರದ ಗುಣಾವಗುಣಗಳ ಪಟ್ಟಿ ಮಾಡುವುದಿಲ್ಲ. ತಿಂಗಳ ಕೊನೆಯಲ್ಲಿ ಈಕೆ ಯಾರ ಬಳಿ ಸಾಲ ಕೇಳುತ್ತಾಳೆ? ಯಾರೆದುರು ದನಿ ತಗ್ಗಿಸುತ್ತಾಳೆ? ಮನೆಯವರೆಲ್ಲ ಮಲಗಿದ ಮೇಲೆ ಏನು ಮಾಡುತ್ತಾಳೆ? ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೂ ಆಕೆಗೆ ಹೆಸರಿಡಲು ನನಗೆ ಧೈರ್ಯ ಬರುವುದಿಲ್ಲ. ಉತ್ತರಗಳು ಕಲ್ಪನೆಯಿಂದ ಮಾತ್ರ ಬರುವಂಥವೂ ಅಲ್ಲ. ಬಹುಕಾಲ ಕಿವಿಗೊಟ್ಟವರಿಗೆ ಒದಗುವಂಥವು. 'ಹಾರ್ಟ್ ಲ್ಯಾಂಪ್' ಸಂಕಲನದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ ಪಡೆದ ಬಾನು ಮುಷ್ತಾಕ್ ವಕೀಲೆಯೂ ಹೌದು, ಹೋರಾಟಗಾರ್ತಿಯೂ ಹೌದು. ಹೆಂಗಸರ ಅಹವಾಲುಗಳನ್ನು ಹತ್ತಿರದಿಂದ ಕೇಳಿದ ಆ ಅನುಭವ ಅವರ ಕಥೆಗಳ ಮನೆಯೊಳಗಿನ ಮಾತುಗಳಲ್ಲಿ ಕೇಳಿಸುತ್ತದೆ.

ಇಂದು ಸಾರ್ವಜನಿಕ ಚರ್ಚೆಯಲ್ಲಿ ಎದುರಿನವನ ಮಾತು ಮುಗಿಯುವ ಮೊದಲೇ ಅವನಿಗೊಂದು ಹಣೆಪಟ್ಟಿ ಅಂಟಿಕೊಂಡಿರುತ್ತದೆ. ಈ ಅಭ್ಯಾಸ ಕಥೆಗಾರನ ಮೇಜಿನವರೆಗೂ ಬಂದರೆ ನಷ್ಟ ಸಾಹಿತ್ಯಕ್ಕೆ ಮಾತ್ರವಲ್ಲ. ತಾನು ಒಪ್ಪದ ಮನುಷ್ಯನ ಮನಸ್ಸಿನೊಳಗೆ ಕೆಲಕಾಲ ಕೂತು ಬರುವ ಅವಕಾಶವನ್ನು ಓದುಗನಿಗೆ ಕೊಡುವ ಶಕ್ತಿ ಕಥೆಗಿದೆ. ಹಾಗೆ ಕೂತು ಬಂದವನು ಚೆನ್ನಿಗರಾಯನನ್ನು ಕ್ಷಮಿಸಬೇಕೆಂದೇನೂ ಇಲ್ಲ. ಆದರೆ ತನ್ನ ಮನೆಯಲ್ಲಿಯೇ ಇರಬಹುದಾದ ಚೆನ್ನಿಗರಾಯನನ್ನು ಅವನು ಗುರುತಿಸಬಲ್ಲ. ಬರೆಯುವವರು ತೀರ್ಪನ್ನು ಮುಂದೂಡಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.