ಜನರೇಟರ್ ಮನೆಯದು, ತಂತಿ ಊರಿನದು

ಮಲೆನಾಡಿನ ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಒಂಟಿಮನೆಗಳಿಗೆ ದಿನಗಟ್ಟಲೆ ಕರೆಂಟಿಲ್ಲ. ಹೀಗಾಗಿ ಸಕಲೇಶಪುರ, ತೀರ್ಥಹಳ್ಳಿಯ ಕಡೆ, ಘಟ್ಟದ ಕೆಳಗೆ ಸುಳ್ಯ, ಬೆಳ್ತಂಗಡಿಯ ತೋಟದ ಮನೆಗಳಲ್ಲಿ ಪುಟ್ಟ ಪೆಟ್ರೋಲ್ ಜನರೇಟರ್ ಬಂದು ಕೂತಿದೆ. ಯಂತ್ರ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವವರು ಅದನ್ನು ಮನೆಯ ವೈರಿಂಗಿಗೆ ಸೇರಿಸುವಾಗ ಮಾತ್ರ ಕೈಗೆ ಸಿಕ್ಕ ವೈರಿನಲ್ಲಿ ಕೆಲಸ ಮುಗಿಸುತ್ತಾರೆ. ಆ ತಪ್ಪಿಗೆ ಪ್ರಾಣ ತೆರಬೇಕಾಗಿ ಬರುವುದು, ಅದೇ ಮರ ಕಡಿದು ಲೈನು ಸರಿಮಾಡಲು ಕಂಬ ಹತ್ತಿದ ಪವರ್‌ಮ್ಯಾನ್‌ಗೆ. ಸುರಕ್ಷತೆಯನ್ನು ಮನೆಯವರ ನೆನಪಿಗೆ ಬಿಡಬಾರದು. ಮರೆತರೂ ತಪ್ಪಾಗದಂತೆ ವೈರಿಂಗೇ ಇರಬೇಕು.

ತಪ್ಪು ಕಲ್ಪನೆ 1: ಮೇನ್ ಆಫ್ ಮಾಡಿ, ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಕೊಟ್ಟರಾಯಿತು.

ವಾಸ್ತವ: ಇದಕ್ಕಿಂತ ಅಪಾಯದ ಜೋಡಣೆ ಇನ್ನೊಂದಿಲ್ಲ. ಜನರೇಟರ್ ಓಡುತ್ತಿರುವಾಗ ಒಂದು ತುದಿ ಕಳಚಿದರೆ ಪ್ಲಗ್ಗಿನ ಬರಿಯ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ. ಇನ್ನು ಮೇನ್ ಸ್ವಿಚ್ಚಿನ ಮಾತು: ಹತ್ತು ಸಲ ನೆನಪಿಟ್ಟವರು ಹನ್ನೊಂದನೆಯ ಸಲ ಕತ್ತಲಲ್ಲಿ ಮರೆಯುತ್ತಾರೆ, ಇಲ್ಲವೇ ಮನೆಯ ಇನ್ನೊಬ್ಬರು ತಿಳಿಯದೆ ಆನ್ ಮಾಡುತ್ತಾರೆ; ಆಗ ಜನರೇಟರಿನ ಕರೆಂಟು ಹೊರಗಿನ ಲೈನಿಗೆ ಹರಿಯುತ್ತದೆ. ಇದಕ್ಕೆಂದೇ ಇರುವುದು ಚೇಂಜ್‌ಓವರ್ ಸ್ವಿಚ್. ಅದರ ಹಿಡಿಕೆಗೆ ಮೂರೇ ಜಾಗ: ಮೇನ್ಸ್, ಆಫ್, ಜನರೇಟರ್. ಒಂದು ಕಡೆಯ ಸಂಪರ್ಕ ಪೂರ್ತಿ ಬಿಡದೆ ಇನ್ನೊಂದು ಕಡೆಗೆ ಸೇರಲು ಅದರ ರಚನೆಯೇ ಬಿಡುವುದಿಲ್ಲ. ಹೊರಗಿನ ಕರೆಂಟು ಹಠಾತ್ತಾಗಿ ಬಂದು ಓಡುತ್ತಿರುವ ಜನರೇಟರಿಗೆ ಡಿಕ್ಕಿ ಹೊಡೆದು ಅದು ಸುಡುವ ಭಯವೂ ಆಗ ಇಲ್ಲ.

ತಪ್ಪು ಕಲ್ಪನೆ 2: ನಮ್ಮ ಸಣ್ಣ ಯಂತ್ರ ರಸ್ತೆಯ ಲೈನಿನವರೆಗೆ ಕರೆಂಟು ಕೊಡಲಾರದು.

ವಾಸ್ತವ: ಟ್ರಾನ್ಸ್‌ಫಾರ್ಮರಿಗೆ ಮುಂದು ಹಿಂದು ಎಂಬ ಭೇದವಿಲ್ಲ. 11,000 ವೋಲ್ಟನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್, ಮನೆಯ ಕಡೆಯಿಂದ 230 ವೋಲ್ಟ್ ಬಂದರೆ ಅದನ್ನು ಹತ್ತು ಸಾವಿರದ ಆಸುಪಾಸಿಗೆ ಏರಿಸಿ ಎಚ್‌.ಟಿ. ಲೈನಿಗೆ ಹಾಯಿಸುತ್ತದೆ. ಊರಿನ ಮನೆಗಳೆಲ್ಲ ಲೈನಿನಲ್ಲಿದ್ದರೆ ಆ ಭಾರಕ್ಕೆ ಜನರೇಟರ್ ನಿಂತುಹೋದೀತು, ನಿಜ. ಆದರೆ ತಂತಿ ಹತ್ತಿರದಲ್ಲೇ ತುಂಡಾಗಿದ್ದರೆ ಭಾರವೇ ಇರುವುದಿಲ್ಲ. ವೋಲ್ಟೇಜ್ ಹಾಗೇ ನಿಲ್ಲುತ್ತದೆ. ನಿಂತುಹೋಗುವ ಮುಂಚಿನ ಒಂದು ಕ್ಷಣವೂ ಜೀವ ತೆಗೆಯಲು ಸಾಕು.

ತಪ್ಪು ಕಲ್ಪನೆ 3: ಫೇಸ್ ಬದಲಾಯಿಸಿದರೆ ಸಾಕು, ನ್ಯೂಟ್ರಲ್ ಎರಡಕ್ಕೂ ಒಂದೇ ಇರಲಿ.

ವಾಸ್ತವ: ಗಾಳಿಮಳೆಗೆ ಹೊರಗಿನ ನ್ಯೂಟ್ರಲ್ ತುಂಡಾಗಿ ಫೇಸಿಗೆ ತಾಗಿದ್ದರೆ, ಆ ವೋಲ್ಟೇಜ್ ಅದೇ ತಂತಿ ಹಿಡಿದು ಮನೆಯೊಳಗೆ ಬರುತ್ತದೆ. ಮನೆಯೊಳಗಿನ ದೋಷ ಅದೇ ದಾರಿಯಲ್ಲಿ ಹೊರಗೂ ಹೋದೀತು. ಸಿಂಗಲ್ ಫೇಸ್ ಮನೆಗೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಿಡಿಸುವ ಡಬಲ್ ಪೋಲ್ ಚೇಂಜ್‌ಓವರ್ ಬೇಕು. ಮೂರು ಫೇಸಿನ ಮನೆಗೆ ನಾಲ್ಕು ಪೋಲಿನದು.

ತಪ್ಪು ಕಲ್ಪನೆ 4: ಮನೆಯಲ್ಲಿ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್) ಇದೆ, ಶಾಕ್ ಹೊಡೆದರೆ ಅದು ಬೀಳುತ್ತದೆ.

ವಾಸ್ತವ: ಹೊರಗಿನ ಸರಬರಾಜಿನಲ್ಲಿ ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಕಟ್ಟಿರುತ್ತಾರೆ. ಹಾಗಾಗಿ ಸೋರಿದ ಕರೆಂಟು ಮಣ್ಣಿನ ಮೂಲಕ ಮರಳುತ್ತದೆ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಆ ವ್ಯತ್ಯಾಸ ಗುರುತಿಸಿ ಬೀಳುತ್ತದೆ. ಅನೇಕ ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ಲಿಗೂ ಭೂಮಿಗೂ ಸಂಬಂಧವೇ ಇರುವುದಿಲ್ಲ. ಸೋರಿಕೆಗೆ ಮರಳುವ ದಾರಿಯಿಲ್ಲದ ಕಾರಣ ಮೊದಲ ದೋಷಕ್ಕೆ ಆರ್‌ಸಿಸಿಬಿ ಬೀಳದೆ ಹೋಗಬಹುದು. ಅದರ ಟೆಸ್ಟ್ ಬಟನ್ ಒತ್ತಿ ನೋಡಿದರೆ ಇದು ತಿಳಿಯುವುದಿಲ್ಲ, ಏಕೆಂದರೆ ಅರ್ಥಿಂಗ್ ಇಲ್ಲದಿದ್ದರೂ ಆ ಬಟನ್ ಕೆಲಸ ಮಾಡುತ್ತದೆ. ಯಂತ್ರಕ್ಕೆ ಸರಿಯಾದ ಅರ್ಥಿಂಗ್ ಇದೆಯೇ, ನ್ಯೂಟ್ರಲ್ ಒಂದೇ ಒಂದು ಕಡೆ ಭೂಮಿಗೆ ಸೇರಿದೆಯೇ ಎಂಬುದನ್ನು ಯಂತ್ರದ ಕೈಪಿಡಿ ಓದಿದ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಅಳೆದು ಹೇಳಬೇಕು.

ತಪ್ಪು ಕಲ್ಪನೆ 5: 3 ಕೆವಿಎ ಅಂದರೆ ಇಡೀ ಮನೆ ನಡೆಯುತ್ತದೆ.

ವಾಸ್ತವ: ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ 3 ಕೆವಿಎ ಕೊಡುವುದು 2.4 ಕಿಲೋವ್ಯಾಟ್. 2 ಕಿಲೋವ್ಯಾಟಿನ ಒಂದು ಗೀಸರ್ ಅದರ ಬಹುಪಾಲನ್ನು ನುಂಗುತ್ತದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್ ಎಂಬ ಲೆಕ್ಕ ಹಿಡಿದು ಪಂಪು ಸೇರಿಸುವವರು, ಶುರುವಾಗುವ ಕ್ಷಣದಲ್ಲಿ ಮೋಟರ್ ಮಾಮೂಲಿಯ ಐದಾರು ಪಟ್ಟು ಕರೆಂಟು ಎಳೆಯುವುದನ್ನು ಮರೆಯುತ್ತಾರೆ. ಆಗ ವೋಲ್ಟೇಜ್ ಕುಸಿದು ಫ್ರಿಜ್ಜಿಗೂ ಏಟು ಬೀಳುತ್ತದೆ. ದೀಪ, ಫ್ರಿಜ್ಜು, ಮೊಬೈಲ್ ಚಾರ್ಜಿಂಗಿನಂಥ ಅಗತ್ಯದ ಸರ್ಕ್ಯೂಟುಗಳನ್ನು ಬೇರೆ ಮಾಡಿ ಅವನ್ನಷ್ಟೇ ಚೇಂಜ್‌ಓವರಿಗೆ ಕೊಡಿಸಿ. ಪಂಪು ಓಡಿಸುವಾಗ ಉಳಿದದ್ದನ್ನು ನಿಲ್ಲಿಸಿ.

ತಪ್ಪು ಕಲ್ಪನೆ 6: ಮಳೆಯಲ್ಲಿ ಜನರೇಟರನ್ನು ಜಗಲಿಯಲ್ಲಿಟ್ಟು ಕಿಟಕಿ ತೆರೆದರೆ ಹೊಗೆ ಹೋಗುತ್ತದೆ.

ವಾಸ್ತವ: ಕೊಲ್ಲುವುದು ಕಣ್ಣಿಗೆ ಕಾಣುವ ಹೊಗೆಗಿಂತ ಅದರೊಳಗಿನ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಜಗಲಿ, ಬಚ್ಚಲು, ಕೊಟ್ಟಿಗೆ ಯಾವುದೂ ತಕ್ಕ ಜಾಗವಲ್ಲ. ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಸುತ್ತ ತೆರೆದ ಮಾಡಿನ ಕೆಳಗೆ, ಸೈಲೆನ್ಸರ್ ಮನೆಗೆ ಬೆನ್ನು ಮಾಡಿರುವಂತೆ ಇಡಿ. ಅಲ್ಲಿಂದ ಮನೆಯವರೆಗೆ ಹೊರಾಂಗಣಕ್ಕೆಂದೇ ಮಾಡಿದ ದಪ್ಪ ಕೇಬಲ್ ಎಳೆಸಿ. ಪೆಟ್ರೋಲ್ ತುಂಬಿಸುವುದು ಯಂತ್ರ ನಿಂತು ತಣ್ಣಗಾದ ಮೇಲೆ.

ತಪ್ಪು ಕಲ್ಪನೆ 7: ಚೇಂಜ್‌ಓವರ್ ಹಾಕಿಸುವವರೆಗೆ ಬೇರೆ ದಾರಿಯಿಲ್ಲ.

ವಾಸ್ತವ: ಇದೆ. ಮನೆಯ ವೈರಿಂಗನ್ನು ಮುಟ್ಟದೆ, ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸನ್ನು ಜನರೇಟರಿನ ಸಾಕೆಟ್ಟಿಗೆ ಹಾಕಿ ಫ್ರಿಜ್ಜು, ದೀಪವನ್ನು ನೇರವಾಗಿ ಅದಕ್ಕೇ ಜೋಡಿಸಿ. ಆಗ ಕರೆಂಟು ಹೊರಗಿನ ಲೈನಿಗೆ ಹೋಗಲು ದಾರಿಯೇ ಇರುವುದಿಲ್ಲ.

ಮುಂಗಾರಿಗೆ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಒಂದು ಪರೀಕ್ಷೆ ಮಾಡಿಸಿ: ಚೇಂಜ್‌ಓವರಿನ ಹಿಡಿಕೆಯನ್ನು ಜನರೇಟರಿನ ಕಡೆಗೆ ಹಾಕಿ ಯಂತ್ರ ಓಡಿಸಿದಾಗ, ಹೊರಗಿನ ತಂತಿಗೂ ಮನೆಗೂ ಯಾವ ಸಂಪರ್ಕವೂ ಉಳಿದಿಲ್ಲವೆಂದು ಅವರು ಮೀಟರಿನಲ್ಲಿ ತೋರಿಸಲಿ. ಮನೆಯಲ್ಲಿ ಜನರೇಟರ್ ಇರುವುದನ್ನು ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ತಿಳಿಸಿ. ತಂತಿ ಬಿದ್ದದ್ದು ಕಂಡರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ. ಯಂತ್ರಕ್ಕೆ ದುಡ್ಡು ಕೂಡಿಸುವಾಗಲೇ ಸ್ವಿಚ್ಚು, ಅರ್ಥಿಂಗ್, ಕೂಲಿಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ನಮ್ಮ ಮನೆಯ ಬೆಳಕಿಗಾಗಿ ಕಂಬ ಹತ್ತುವವರಿಗೆ ನಮ್ಮ ಮನೆಯಿಂದಲೇ ಅಪಾಯ ಬರದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.